ಭಾನುವಾರವೂ ಏರಿದ ರೋಧ: ಮುದ್ರಿತ ವಾಹಕ ಪಟ್ಟಿಯ ಒಂದು ಪ್ರಕರಣ

ಕರಾವಳಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ನಡೆದ ಸಂಗತಿ ಇದು. ಕಾಲೇಜು ಯಾವುದು, ಆಸ್ಪತ್ರೆ ಯಾವುದು, ಜನ ಯಾರು ಎಂದು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅಳತೆಗಳನ್ನು ಸುಮಾರಾಗಿ ಕೊಟ್ಟಿದ್ದೇನೆ. ಕೆಲಸ ಮಾಡಿದವರು ಇಬ್ಬರು ಎಂ.ಟೆಕ್. ವಿದ್ಯಾರ್ಥಿಗಳು. ಮುದ್ರಣ ಒಬ್ಬನದು, ಅಳತೆ ಒಬ್ಬಳದು. ನಾನು ಅವರ ಮಾರ್ಗದರ್ಶಕ. ಕೆಳಗೆ ಬರುವ ತಪ್ಪು ನಿರ್ಧಾರಗಳಲ್ಲಿ ಹೆಚ್ಚಿನವು ನನ್ನವೇ. ಮಳೆಯ ಊರುಗಳಲ್ಲಿ ವಿದ್ಯುತ್ ಹರಿಸುವ ಇಂಕನ್ನು ಮುದ್ರಿಸಲು ಹೊರಟವರು ಇದೇ ಗುಂಡಿಗೆ ಬೀಳುವ ಸಾಧ್ಯತೆ ಬಹಳ ಇರುವುದರಿಂದ ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಪಾರ್ಶ್ವವಾಯು ಬಡಿದವರ ಬೆರಳುಗಳಿಗೆ ವ್ಯಾಯಾಮ ಮಾಡಿಸುವಾಗ ಬೆರಳು ಎಷ್ಟು ಬಗ್ಗಿತೆಂದು ನೋಡಲು ಗೋನಿಯೋಮೀಟರ್ ಹಿಡಿಯುತ್ತಾರೆ. ಒಂದು ಕೈಯಲ್ಲಿ ರೋಗಿಯ ಬೆರಳು, ಇನ್ನೊಂದರಲ್ಲಿ ಮಾಪಕ. ದಿನಕ್ಕೆ ಹತ್ತಾರು ಜನರಿಗೆ ಹೀಗೆ ಐದೈದು ಬೆರಳು ಅಳೆಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಹತ್ತಿರದ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಒಬ್ಬರು ನಮ್ಮನ್ನು ಕೇಳಿದ್ದು ಇಷ್ಟು: "ಕೈಗವಸಿಗೆ ಹೊಲಿಯುವಂಥ ತೆಳು ಪಟ್ಟಿ ಮಾಡಿಕೊಡಿ ಸರ್. ಓಮ್, ವೋಲ್ಟ್ ಎಲ್ಲ ನನಗೆ ಬೇಡ. ನಿನ್ನೆಗಿಂತ ಇವತ್ತು ಬೆರಳು ಎಷ್ಟು ಹೆಚ್ಚು ಬಗ್ಗಿತು ಅಂತ ಗೊತ್ತಾದರೆ ಸಾಕು." ನಿನ್ನೆಗೂ ಇವತ್ತಿಗೂ ಹೋಲಿಕೆ ಎಂಬ ಆ ಒಂದು ಮಾತಿನಲ್ಲೇ ಇಡೀ ಕೆಲಸದ ಕಷ್ಟ ಅಡಗಿತ್ತು. ಆಗ ನಮಗದು ತಿಳಿಯಲಿಲ್ಲ.

ವಿದ್ಯುತ್ ಹರಿಸುವ ಇಂಕಿನ ಗೆರೆಯನ್ನು ತೆಳು ಹಾಳೆಯ ಮೇಲೆ ಮುದ್ರಿಸಿದರೆ, ಹಾಳೆ ಬಗ್ಗಿದಾಗ ಗೆರೆ ಹಿಗ್ಗಿ ಅದರ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಏರುತ್ತದೆ. ಆ ಏರಿಕೆಯಿಂದ ಬಾಗು ತಿಳಿಯುತ್ತದೆ. ಅದಕ್ಕೆ ನಾವು ಆರಿಸಿಕೊಂಡದ್ದು ಪೆಡಾಟ್-ಪಿಎಸ್‌ಎಸ್ ಎಂಬ ಪಾಲಿಮರ್ ಇಂಕ್. ಪ್ಲಾಸ್ಟಿಕ್ ಜಾತಿಯ ವಸ್ತು ಲೋಹದಂತೆ ವಿದ್ಯುತ್ ಹರಿಸಬಲ್ಲದು ಎಂದು 1977ರಲ್ಲಿ ತೋರಿಸಿದವರು ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಕಾವ. ಪಾಲಿಅಸಿಟಿಲೀನ್‌ಗೆ ಅಯೋಡಿನ್ ಸೋಕಿಸಿ ಅವರು ಮಾಡಿದ ಆ ಕೆಲಸಕ್ಕೆ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಪಾಲಿಅಸಿಟಿಲೀನ್ ಗಾಳಿಯಲ್ಲಿ ಬೇಗ ಕೆಡುತ್ತದೆ. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಬಾಯರ್ ಕಂಪನಿಯಲ್ಲಿ ಹುಟ್ಟಿದ ಪೆಡಾಟ್ ಗಾಳಿಯಲ್ಲಿ ಬಾಳುತ್ತದೆ, ಆದರೆ ಯಾವ ದ್ರಾವಕದಲ್ಲೂ ಕರಗುವುದಿಲ್ಲ. ಅದನ್ನು ನೀರಿನಲ್ಲಿ ಸಣ್ಣ ಕಣಗಳಾಗಿ ಹಿಡಿದಿಡುವುದು ಪಿಎಸ್‌ಎಸ್ ಎಂಬ ಇನ್ನೊಂದು ಪಾಲಿಮರ್. ಎರಡೂ ಸೇರಿದರೆ ಕಡು ನೀಲಿ ಬಣ್ಣದ, ನೀರಿನಂತೆ ಹರಿಯುವ ಇಂಕ್. ಪಿಎಸ್‌ಎಸ್ ಒಂದು ಆಮ್ಲ, ಇಂಕಿನ ಪಿಎಚ್ ಸುಮಾರು 2. ನೀರೆಂದರೆ ಅದಕ್ಕೆ ಬಹಳ ಪ್ರೀತಿ. ಮುದ್ರಣ ಸಾಧ್ಯವಾಗುವುದು ಈ ಎರಡು ಗುಣಗಳಿಂದ. ನಮ್ಮನ್ನು ಕಾಡಿದ್ದೂ ಇವೇ ಎರಡು.

ಪ್ರಯೋಗಾಲಯಕ್ಕೆಂದೇ ಮಾಡಿದ ದುಬಾರಿ ಪ್ರಿಂಟರ್ ನಮ್ಮಲ್ಲಿರಲಿಲ್ಲ. ಪಿಯೆಜೊ ಹೆಡ್‌ನ ಒಂದು ಆಫೀಸ್ ಪ್ರಿಂಟರನ್ನು ತೊಳೆದು, ಖಾಲಿ ಕಾರ್ಟ್ರಿಜ್‌ಗೆ ನಮ್ಮ ಇಂಕ್ ತುಂಬಿದೆವು. ಇಂಕನ್ನು ಕ್ಷಣಮಾತ್ರ ಕುದಿಸಿ ಆವಿಯ ಗುಳ್ಳೆಯಿಂದ ಹನಿ ತಳ್ಳುವ ಪ್ರಿಂಟರ್‌ಗಳೂ ಇವೆ. ಪಾಲಿಮರ್ ಇಂಕಿಗೆ ಅವುಗಳಿಗಿಂತ ಹಿಂಡಿ ತಳ್ಳುವ ಪಿಯೆಜೊ ಕ್ಷೇಮ. ಮೊದಲ ತಿಂಗಳು ಹನಿ ಪಿಇಟಿ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಲೇ ಇಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತಿತು. ನೀರಿನ ಮೇಲ್ಮೈ ಸೆಳೆತ ಮೀಟರಿಗೆ 72 ಮಿಲಿನ್ಯೂಟನ್, ಪಿಇಟಿಯ ಮೇಲ್ಮೈ ಶಕ್ತಿ 43ರ ಆಸುಪಾಸು. ಹಾಗಿದ್ದ ಮೇಲೆ ಹನಿ ಹರಡುವುದಾದರೂ ಹೇಗೆ? ಹಾಳೆಗೆ ಯುವಿ-ಓಝೋನ್ ಉಪಚಾರ ಮಾಡಿ, ಇಂಕಿಗೆ ಮೇಲ್ಮೈ ಸೆಳೆತ ತಗ್ಗಿಸುವ ಸರ್ಫ್ಯಾಕ್ಟಂಟ್ ಚೂರು ಬೆರೆಸಿದ ಮೇಲೆ ಗೆರೆ ಕೂತಿತು. ಶೇ. 5ರಷ್ಟು ಎಥಿಲೀನ್ ಗ್ಲೈಕಾಲ್ ಸೇರಿಸಿದ್ದರಿಂದ ಎರಡು ಉಪಕಾರವಾಯಿತು. ಇಂಕ್ ನಿಧಾನ ಒಣಗಿ ನಳಿಕೆ ಕಟ್ಟಿಕೊಳ್ಳುವುದು ಕಡಿಮೆಯಾಯಿತು, ಒಣಗಿದ ಪದರದ ವಾಹಕತೆಯೂ ನೂರಾರು ಪಟ್ಟು ಏರಿತು. 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸದೆ ಒಂದು ಹನಿಯನ್ನೂ ಕಾರ್ಟ್ರಿಜ್‌ಗೆ ಹಾಕಬಾರದು ಎಂಬುದನ್ನು ಒಂದು ಹೆಡ್ ಕಳೆದುಕೊಂಡ ಮೇಲೆ ಕಲಿತೆವು.

ಮಾರ್ಚ್ ಕೊನೆಗೆ 1 ಮಿ.ಮೀ. ಅಗಲ, 60 ಮಿ.ಮೀ. ಉದ್ದದ ಗೆರೆಗಳು ಸಿದ್ಧವಾದವು. ತೆಳು ಪದರದ ರೋಧವನ್ನು ಚೌಕದ ಲೆಕ್ಕದಲ್ಲಿ ಹೇಳುತ್ತಾರೆ. 60 ಮಿ.ಮೀ. ಉದ್ದವನ್ನು 1 ಮಿ.ಮೀ. ಅಗಲದಿಂದ ಭಾಗಿಸಿದರೆ 60 ಚೌಕ, ಚೌಕವೊಂದಕ್ಕೆ ಸುಮಾರು 150 ಓಮ್, ಒಟ್ಟು 9 ಕಿಲೋಓಮ್. ಹಾಳೆಯ ದಪ್ಪ 100 ಮೈಕ್ರಾನ್. ಅದನ್ನು 10 ಮಿ.ಮೀ. ತ್ರಿಜ್ಯಕ್ಕೆ ಬಗ್ಗಿಸಿದರೆ ಹೊರಮೈ ಶೇ. 0.5ರಷ್ಟು ಹಿಗ್ಗುತ್ತದೆ, ನಮ್ಮ ಗೆರೆಯ ರೋಧ ಆಗ ಶೇ. 1.6ರಷ್ಟು ಏರುತ್ತಿತ್ತು. ಬೆರಳು ಪೂರ್ತಿ ಬಗ್ಗಿದರೆ ಸಿಗುವ ಒಟ್ಟು ಸಂಕೇತ ಅಷ್ಟೇ. ಈ 1.6ನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ತುದಿಗಳಿಗೆ ವೈರ್ ಜೋಡಿಸಲು ಅಂಟು ಇರುವ ತಾಮ್ರದ ಟೇಪ್ ಹಚ್ಚಿದೆವು. ಬೇಗ ಆಗುತ್ತದೆ, ಮೇಲೆ ಬೆಸುಗೆ ಹಾಕಬಹುದು, ಅಂಗಡಿಯಲ್ಲಿ ಸಿಗುತ್ತದೆ. ಆ ನಿರ್ಧಾರಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಇಂಕಿನ ಬಗ್ಗೆ ಮೂರು ತಿಂಗಳು ಯೋಚಿಸಿದ್ದೆವು.

ಮಳೆ ಹಿಡಿದ ಮೇಲೆ

ಜೂನ್ ಎರಡನೇ ವಾರದಿಂದ ಪಟ್ಟಿಗಳ ರೋಧ ಏರತೊಡಗಿತು. ಸರ್ವೋ ಮೋಟಾರ್ ಜೋಡಿಸಿದ ಒಂದು ಪುಟ್ಟ ಯಂತ್ರ ಅವನ್ನು ದಿನವಿಡೀ ಬಗ್ಗಿಸಿ ನೇರ ಮಾಡುತ್ತಿತ್ತು. 9 ಇದ್ದದ್ದು ತಿಂಗಳ ಕೊನೆಗೆ 14 ಕಿಲೋಓಮ್ ಆಯಿತು. ಜುಲೈ ಮೊದಲ ವಾರದಲ್ಲಿ ಎರಡು ಪಟ್ಟಿ 20ರ ಹತ್ತಿರ ಬಂದವು, ಒಂದು ಪೂರ್ತಿ ಸತ್ತಿತು. ಜುಲೈ ಮಧ್ಯದಲ್ಲಿ ಆಸ್ಪತ್ರೆಯಲ್ಲಿ ತೋರಿಸುವುದಾಗಿ ಮಾತು ಕೊಟ್ಟಿದ್ದೆವು.

ನನ್ನ ತೀರ್ಮಾನ ಆ ಕ್ಷಣಕ್ಕೇ ಬಂತು: ಬಗ್ಗಿಸಿ ಬಗ್ಗಿಸಿ ಪದರ ಬಿರುಕು ಬಿಟ್ಟಿದೆ. ಪುಸ್ತಕದಲ್ಲಿ ಓದಿದ್ದು ಅದೇ, ಕಣ್ಣೆದುರು ಬಗ್ಗುತ್ತಿರುವುದೂ ಪಟ್ಟಿಯೇ. ಹಾಗಾಗಿ ಮೂರು ಪದರದ ಬದಲು ಐದು ಪದರ ಮುದ್ರಿಸಿದೆವು, ಗ್ಲೈಕಾಲ್ ಪ್ರಮಾಣ ಬದಲಿಸಿದೆವು, ಇಂಕ್ ಹಳತಾಯಿತೇನೋ ಎಂದು ಹೊಸ ಬಾಟಲಿ ತರಿಸಿದೆವು. ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ಬಿರುಕು ಕಾಣಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿರಬೇಕು ಎಂದೆ. ಹೀಗೆ ಮೂರು ವಾರ ಹೋದವು. ಸಾಕ್ಷಿ ಸಿಗದಿದ್ದಾಗ ಊಹೆಯನ್ನು ಬಿಡದೆ, ಸಾಕ್ಷಿ ಸಿಗದಿರುವುದಕ್ಕೇ ಇನ್ನೊಂದು ಕಾರಣ ಕಟ್ಟಿದ್ದೆ.

ಕಣ್ಣು ತೆರೆಸಿದ್ದು ಅಳತೆ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿನಿಯ ನೋಟ್‌ಬುಕ್. ಅವಳು ಪ್ರತಿ ಅಳತೆಯ ಪಕ್ಕ ವಾರ, ಗಂಟೆ ಬರೆದಿಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವಳ ಶಿಸ್ತು ಹಾಗೆ. ಒಂದು ಸಂಜೆ ನಕ್ಷೆ ಎಳೆದು ತಂದು ಮುಂದಿಟ್ಟಳು. "ಸರ್, ಸೋಮವಾರ ಬೆಳಿಗ್ಗೆ ಎಲ್ಲ ಪಟ್ಟಿಗಳೂ ಮೇಲೆ ಹೋಗಿರ್ತವೆ. ಶನಿವಾರ ಸಂಜೆ ಕೆಳಗೆ ಇರ್ತವೆ. ಭಾನುವಾರ ಯಂತ್ರ ನಿಂತಿರ್ತದಲ್ಲ?"

ನಿಂತಿರುತ್ತಿತ್ತು. ಬಗ್ಗಿಸುವುದೇ ಕಾರಣವಾಗಿದ್ದರೆ ಭಾನುವಾರ ರೋಧವೂ ನಿಲ್ಲಬೇಕಿತ್ತು. ಅದು ನಿಲ್ಲುವ ಬದಲು ಹೆಚ್ಚು ಏರಿತ್ತು. ಭಾನುವಾರ ನಿಲ್ಲುತ್ತಿದ್ದ ಇನ್ನೊಂದು ವಸ್ತು ಆ ಕೋಣೆಯ ಎಸಿ. ಮರುದಿನ ಎಂಟು ಪಟ್ಟಿಗಳನ್ನು ತೆಗೆದುಕೊಂಡು ನಾಲ್ಕನ್ನು ಯಂತ್ರಕ್ಕೆ ಹಾಕಿದೆವು, ನಾಲ್ಕನ್ನು ಮುಟ್ಟದೆ ಪಕ್ಕದಲ್ಲೇ ಇಟ್ಟೆವು. ಎಂಟೂ ಒಟ್ಟಿಗೆ ಏರಿದವು. ಮುಟ್ಟದ ನಾಲ್ಕು ಪಟ್ಟಿಗಳನ್ನು ಮೊದಲ ದಿನವೇ ಪಕ್ಕದಲ್ಲಿ ಇಟ್ಟುಕೊಳ್ಳದೆ ಹೋದದ್ದು ಈ ಪ್ರಕರಣದ ಅತಿ ದೊಡ್ಡ ಲೋಪ ಎಂದು ಇಂದಿಗೂ ಅನಿಸುತ್ತದೆ. ಅದಕ್ಕೆ ಬೇಕಿದ್ದದ್ದು ನಾಲ್ಕು ಹಾಳೆ ತುಂಡು ಮಾತ್ರ.

ಉಪ್ಪಿನ ಜಾಡಿ

ತೇವವೇ ಕಾರಣ ಎಂದು ಊಹಿಸುವುದು ಬೇರೆ, ತೋರಿಸುವುದು ಬೇರೆ. ಬಿರುಕಿನ ವಿಷಯದಲ್ಲಿ ಒಮ್ಮೆ ಎಡವಿದ್ದರಿಂದ ಈ ಸಲ ಆತುರ ಪಡಲಿಲ್ಲ. ಆರ್ದ್ರತೆಯನ್ನು ನಿಯಂತ್ರಿಸುವ ಪೆಟ್ಟಿಗೆಗೆ ಲಕ್ಷಗಟ್ಟಲೆ ಬೇಕು. ಆದರೆ ಬೇರೆ ಬೇರೆ ಲವಣಗಳ ಪರ್ಯಾಪ್ತ ದ್ರಾವಣ, ಮುಚ್ಚಿದ ಜಾಡಿಯೊಳಗೆ, ತನ್ನದೇ ಒಂದು ನಿಶ್ಚಿತ ಆರ್ದ್ರತೆಯನ್ನು ಕಾಯ್ದುಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಸೋಡಿಯಂ ಕ್ಲೋರೈಡ್ ಆದರೆ ಶೇ. 75, ಮೆಗ್ನೀಸಿಯಂ ಕ್ಲೋರೈಡ್ ಆದರೆ ಶೇ. 33, ಪೊಟ್ಯಾಸಿಯಂ ಸಲ್ಫೇಟ್ ಆದರೆ ಶೇ. 97. ನಮ್ಮ ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಉಪ್ಪಿನ ಮರಿಗೆಯ ತಳದಲ್ಲಿ ನೀರು ನಿಲ್ಲುವುದೂ ಇದೇ ಕಾರಣಕ್ಕೆ: ಗಾಳಿಯ ಆರ್ದ್ರತೆ 75 ದಾಟಿದರೆ ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಲವಣವೂ ಬೆರೆತಿರುವುದರಿಂದ ಅದು ಇನ್ನೂ ಬೇಗ ಒಡೆಯುತ್ತದೆ, ಪ್ರಯೋಗಕ್ಕೆ ಆಗುವುದಿಲ್ಲ. ಪ್ರಯೋಗಾಲಯದ ಶುದ್ಧ ಲವಣವನ್ನೇ ಗಾಜಿನ ಉಪ್ಪಿನಕಾಯಿ ಜಾಡಿಗಳಲ್ಲಿ ಹಾಕಿ, ಮುಚ್ಚಳದಲ್ಲಿ ರಂಧ್ರ ಕೊರೆದು ವೈರ್ ತೂರಿಸಿ, ಮೇಣ ಮೆತ್ತಿದೆವು. ಇನ್ನೊಂದು ಜಾಡಿಗೆ ಸಿಲಿಕಾ ಜೆಲ್.

ಹೊಸ ಪಟ್ಟಿಗಳು ಚೆನ್ನಾಗಿಯೇ ನಡೆದುಕೊಂಡವು. 33ರ ಜಾಡಿಯಿಂದ 75ಕ್ಕೆ ಹೋದರೆ ರೋಧ ಏರುತ್ತಿತ್ತು, ಸಿಲಿಕಾ ಜೆಲ್‌ಗೆ ಬಂದರೆ ಇಳಿಯುತ್ತಿತ್ತು. ಪಿಎಸ್‌ಎಸ್ ನೀರು ಕುಡಿದು ಉಬ್ಬಿದಾಗ ನಡುವಿನ ಪೆಡಾಟ್ ಕಣಗಳು ಒಂದರಿಂದೊಂದು ದೂರ ಸರಿಯುತ್ತವೆ, ಒಣಗಿದರೆ ಮತ್ತೆ ಹತ್ತಿರ ಬರುತ್ತವೆ. ಲೆಕ್ಕ ಸರಿಹೋಯಿತು ಎಂದುಕೊಂಡೆವು.

ಆದರೆ ಜೂನ್‌ನಿಂದ ಹೊರಗೇ ಇದ್ದ ಹಳೆಯ ಪಟ್ಟಿಗಳನ್ನು ಒಣಗಿಸಿದರೆ ಅವು ಮರಳಲಿಲ್ಲ. ಐದನೆಯ ಪಟ್ಟಿ 19.6ರಿಂದ 17.9ಕ್ಕೆ ಇಳಿದು ಅಲ್ಲೇ ನಿಂತಿತು. ಒಣಗಿದ ಪದರ 9ಕ್ಕೆ ಬರಬೇಕಿತ್ತು. ಉಳಿದದ್ದು ಎಲ್ಲಿ ಕೂತಿದೆ?

ಈ ಹಂತದಲ್ಲಿ ನಮ್ಮ ಮುಂದೆ ಎರಡು ದಾರಿ ಇದ್ದವು. ಹಳೆಯ ಪಟ್ಟಿಗಳನ್ನು ಎಸೆದು, ಹೊಸದನ್ನು ಲ್ಯಾಮಿನೇಟ್ ಮಾಡಿ ಆಸ್ಪತ್ರೆಗೆ ಒಯ್ಯುವುದು ಒಂದು. ತಡವಾದರೂ ಹಳೆಯ ಪಟ್ಟಿಗಳ ಲೆಕ್ಕ ಮುಗಿಸುವುದು ಇನ್ನೊಂದು. ಮುದ್ರಣದ ಹುಡುಗ ಮೊದಲನೆಯದನ್ನು ಬಯಸಿದ, ಅವನ ಸೆಮಿಸ್ಟರ್ ಮುಗಿಯುವುದರಲ್ಲಿತ್ತು, ಅವನ ಕಳವಳ ನ್ಯಾಯವಾದದ್ದು. ಆದರೂ ಫಿಸಿಯೋಥೆರಪಿಸ್ಟ್ ಮೇಡಂಗೆ ಫೋನ್ ಮಾಡಿ ಆಗಸ್ಟ್ ಕೊನೆಯವರೆಗೆ ಸಮಯ ಕೇಳಿದೆ. ಆ ವರ್ಷ ನಾನು ತೆಗೆದುಕೊಂಡ ಸರಿಯಾದ ನಿರ್ಧಾರ ಅದೊಂದು.

ಅಲ್ಲಿಯವರೆಗೆ ನಾವು ಅಳೆಯುತ್ತಿದ್ದದ್ದು ಮಲ್ಟಿಮೀಟರ್‌ನ ಎರಡು ಕಡ್ಡಿಗಳಿಂದ. ಹಾಗೆ ಅಳೆದರೆ ಪದರದ ರೋಧ, ಎರಡು ತುದಿಯ ಜೋಡಣೆಯ ರೋಧ, ವೈರಿನ ರೋಧ ಎಲ್ಲವೂ ಕೂಡಿ ಒಂದೇ ಸಂಖ್ಯೆಯಾಗಿ ಬರುತ್ತದೆ. ನಾಲ್ಕು ವೈರಿನ ಅಳತೆಯಲ್ಲಿ ಹೊರಗಿನ ಎರಡರಿಂದ ವಿದ್ಯುತ್ ಹರಿಸಿ ಒಳಗಿನ ಎರಡರ ನಡುವಿನ ವೋಲ್ಟೇಜ್ ಮಾತ್ರ ನೋಡುತ್ತೇವೆ. ವೋಲ್ಟ್‌ಮೀಟರ್ ಬಹುಮಟ್ಟಿಗೆ ವಿದ್ಯುತ್ತನ್ನೇ ಎಳೆಯದ ಕಾರಣ ಜೋಡಣೆ ಎಷ್ಟೇ ಕೆಟ್ಟಿರಲಿ, ಲೆಕ್ಕದಿಂದ ಹೊರಗುಳಿಯುತ್ತದೆ. ಇದು ಪದವಿ ತರಗತಿಯ ಪಾಠ. ನಾನೇ ಪ್ರತಿವರ್ಷ ಹೇಳಿಕೊಡುತ್ತೇನೆ. ಐದನೆಯ ಪಟ್ಟಿಯ ನಡುವೆ ಎರಡು ಬಿಂದುಗಳಲ್ಲಿ ಕಾರ್ಬನ್ ಪೇಸ್ಟ್ ಇಟ್ಟು ಅಳೆದು, ಪೂರ್ತಿ ಉದ್ದಕ್ಕೆ ಲೆಕ್ಕ ಹಾಕಿದೆವು: ಪದರದ್ದು ತೇವದಲ್ಲಿ 10.7, ಒಣಗಿದಾಗ 9.3 ಕಿಲೋಓಮ್. ಪದರ ಆರೋಗ್ಯವಾಗಿತ್ತು. ಸುಮಾರು 9 ಕಿಲೋಓಮ್ ಎರಡು ತುದಿಗಳಲ್ಲಿ ಕೂತಿತ್ತು.

ತಾಮ್ರದ ಟೇಪನ್ನು ಎಬ್ಬಿಸಿ ನೋಡಿದರೆ ಅಡಿಯಲ್ಲಿ ನೀಲಿ-ಹಸಿರು ಕಿಲುಬು. ಆಮ್ಲದ ಪದರ, ಮೇಲೆ ತೇವ, ಅದರ ಮೇಲೆ ತಾಮ್ರ. ಹುಣಸೆಹಣ್ಣು ಹಾಕಿದ ತಾಮ್ರದ ಪಾತ್ರೆ ಏನಾಗುತ್ತದೆಂದು ಗೊತ್ತಿರುವ ಯಾರಾದರೂ ಇದನ್ನು ಮೊದಲೇ ಹೇಳುತ್ತಿದ್ದರು. ಮೂರು ವಾರ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೂ ನಮಗೆ ಕಾಣದಿರಲು ಕಾರಣವಿತ್ತು: ನಮ್ಮ ಇಂಕೇ ನೀಲಿ, ಅಂಚಿನಲ್ಲಿ ಇಣುಕುತ್ತಿದ್ದ ಕಿಲುಬೂ ನೀಲಿ.

ಎರಡು ಕಾಯಿಲೆಗಳು ಒಂದೇ ಜ್ವರವಾಗಿ ಕಂಡಿದ್ದವು. ಒಂದು ಬಂದು ಹೋಗುವಂಥದ್ದು, ಪದರ ಕುಡಿಯುವ ನೀರು. ಇನ್ನೊಂದು ಮರಳಿ ಸರಿಹೋಗದ್ದು, ಜೋಡಣೆಯ ಕೊಳೆತ. ಎರಡಕ್ಕೂ ಮಳೆಗಾಲವೇ ನೆಪ, ಎರಡಕ್ಕೂ ಪಿಎಸ್‌ಎಸ್‌ನ ಗುಣವೇ ಮೂಲ, ಮದ್ದು ಮಾತ್ರ ಬೇರೆ ಬೇರೆ. ಸಿಲಿಕಾ ಜೆಲ್ ಪ್ರಯೋಗ ಒಂದನ್ನೇ ನಂಬಿ ಲ್ಯಾಮಿನೇಟ್ ಮಾಡಿದ್ದರೆ, ಕಿಲುಬು ಒಳಗೇ ಬೆಳೆದು ರೋಗಿಯ ಕೈಮೇಲೆ ಪಟ್ಟಿ ಸಾಯುತ್ತಿತ್ತು.

ಮದ್ದು

ಜೋಡಣೆಯದು ಸುಲಭವಾಗಿ ಬಗೆಹರಿಯಿತು. ಬೆಳ್ಳಿಯ ಪೇಸ್ಟ್ ಯೋಚಿಸಿದೆವು, ಆದರೆ ತೇವ ಮತ್ತು ವೋಲ್ಟೇಜ್ ಎರಡೂ ಇದ್ದಲ್ಲಿ ಬೆಳ್ಳಿ ಒಂದು ಗೆರೆಯಿಂದ ಇನ್ನೊಂದಕ್ಕೆ ಬೇರಿನಂತೆ ಹಬ್ಬಿ ಶಾರ್ಟ್ ಮಾಡುವುದುಂಟು. ಕಾರ್ಬನ್‌ಗೆ ಆ ಚಾಳಿ ಇಲ್ಲ, ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಕಂಪ್ಯೂಟರ್ ಕೀಬೋರ್ಡ್ ಬಿಚ್ಚಿದವರು ಒಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಕಪ್ಪು ಗೆರೆಗಳನ್ನು ನೋಡಿರಬಹುದು, ಅದೇ ಜಾತಿಯದು. ಪೇಟೆಯಲ್ಲಿ ಮದುವೆ ಕಾಗದ, ಸ್ಟಿಕರ್ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರು ನಮ್ಮ ಹಾಳೆಗಳ ತುದಿಗೆ ಕಾರ್ಬನ್ ಪೇಸ್ಟ್ ಹಾಕಿಕೊಟ್ಟರು. ಬೆಸುಗೆ ಬಿಟ್ಟು, ಸ್ಪ್ರಿಂಗಿನಿಂದ ಕಚ್ಚುವ ಕ್ಲಿಪ್ ಬಳಸಿದೆವು. 75ರ ಜಾಡಿಯಲ್ಲಿ ಒಂದು ತಿಂಗಳಿಟ್ಟರೂ ಜೋಡಣೆಯ ರೋಧ ಕದಲಲಿಲ್ಲ.

ಪದರದ ತೇವದ್ದು ಕಠಿಣ. ಮೊದಲು ಎಲ್ಲರಿಗೂ ಹೊಳೆಯುವುದು ಮುಚ್ಚುವುದು. ಒಂದು ಮಧ್ಯಾಹ್ನ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. ನಮ್ಮ ಇಂಕಿನಲ್ಲಿ ಘನ ಪದಾರ್ಥ ಶೇ. 1.2 ಮಾತ್ರ. 10 ಮೈಕ್ರಾನ್ ಒದ್ದೆ ಪದರ ಒಣಗಿದರೆ ಉಳಿಯುವುದು ಸುಮಾರು 120 ನ್ಯಾನೋಮೀಟರ್. ಒಂದು ಚದರ ಮೀಟರ್ ಮುದ್ರಿಸಿದರೂ ಪದರದ ತೂಕ 0.12 ಗ್ರಾಂ ಆಸುಪಾಸು. ಅದು ಕುಡಿಯಬಲ್ಲ ನೀರು ಇನ್ನೂ ಕಡಿಮೆ. 100 ಮೈಕ್ರಾನ್ ಪಿಇಟಿ ಹಾಳೆಯ ಮೂಲಕ ಮಳೆಗಾಲದ ಗಾಳಿಯಲ್ಲಿ ಚದರ ಮೀಟರಿಗೆ ದಿನಕ್ಕೆ ಒಂದೆರಡು ಗ್ರಾಂ ನೀರಾವಿ ನುಸುಳುತ್ತದೆ. ಅಂದರೆ ಮೇಲೊಂದು ಪಿಇಟಿ ಹಾಳೆ ಮುಚ್ಚಿದರೆ ಪದರ ತೋಯುವುದು ಕೆಲವು ತಾಸು ತಡವಾಗಬಹುದು, ನಿಲ್ಲುವುದಿಲ್ಲ. ಮೇಲಿನಿಂದ ಬಾರದಿದ್ದರೆ ಅಡಿಯ ಹಾಳೆಯಿಂದಲೇ ಬರುತ್ತದೆ. ಓಎಲ್‌ಇಡಿ ಪರದೆಗಳಿಗೆ ದಿನಕ್ಕೆ ಚದರ ಮೀಟರಿಗೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ ಮಾತ್ರ ನುಸುಳುವಷ್ಟು ಬಿಗಿಯಾದ ಹೊದಿಕೆ ಬೇಕೆನ್ನುತ್ತಾರೆ. ಬಾಗುವ ಅಂಥ ಹೊದಿಕೆ ನಮ್ಮ ಕೈಗೆಟುಕುವ ಮಾತಲ್ಲ.

ಈ ಲೆಕ್ಕ ಮುಗಿದ ಮೇಲೆ ತೇವವನ್ನು ತಡೆಯುವ ಆಸೆ ಬಿಟ್ಟೆವು. ಅದು ಬರಲಿ, ಆದರೆ ಎರಡು ಗೆರೆಗಳಿಗೆ ಸಮನಾಗಿ ಬರಲಿ ಎಂಬುದು ಹೊಸ ವಿಚಾರ. ಬಗ್ಗುವ ಗೆರೆ ಒಂದು, ಅದೇ ಹಾಳೆಯಲ್ಲಿ ಅದೇ ಹೊತ್ತಿಗೆ ಮುದ್ರಿಸಿದ, ಕೈಯ ಬೆನ್ನಿನ ಮೇಲೆ ಬಗ್ಗದೆ ಇರುವ ಗೆರೆ ಇನ್ನೊಂದು. ಎರಡನ್ನೂ ಸಾಲಾಗಿ ಒಂದಕ್ಕೊಂದು ಜೋಡಿಸಿ (ಇದಕ್ಕೆ ಅರ್ಧ ಬ್ರಿಡ್ಜ್ ಎನ್ನುತ್ತಾರೆ) ಅವುಗಳ ರೋಧದ ಅನುಪಾತ ಮಾತ್ರ ಅಳೆಯುವುದು. ತೇವ ಎರಡನ್ನೂ ಒಂದೇ ಪ್ರಮಾಣದಲ್ಲಿ ಏರಿಸಿದರೆ ಅನುಪಾತ ಬದಲಾಗುವುದಿಲ್ಲ. ಜೋಡಣೆಗಳು ಮೊದಲು ನೆಟ್ಟಗಾಗದಿದ್ದರೆ ಇದಕ್ಕೆ ಅರ್ಥವೇ ಇರುತ್ತಿರಲಿಲ್ಲ, ಕಿಲುಬು ಎರಡೂ ಕಡೆ ಸಮನಾಗಿ ಹಿಡಿಯುವುದಿಲ್ಲ.

ತೇವಕ್ಕೆ ಇಷ್ಟು ಸ್ಪಂದಿಸುವುದಾದರೆ ಇದನ್ನು ಆರ್ದ್ರತೆ ಮಾಪಕವೆಂದೇ ಮಾಡಿಬಿಡಿ ಎಂದು ಹಿತೈಷಿಗಳೊಬ್ಬರು ಸಲಹೆ ಕೊಟ್ಟರು. ಒಪ್ಪಲಿಲ್ಲ. ನಮ್ಮ ಗೆರೆ ಬಿಸಿಗೂ ಬಾಗುವಿಕೆಗೂ ಸ್ಪಂದಿಸುತ್ತದೆ, ತೇವ ಏರುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು ದಾರಿ ಹಿಡಿಯುತ್ತದೆ. ಮೇಲಾಗಿ ನಮ್ಮನ್ನು ಕೇಳಿದವರಿಗೆ ಬೇಕಿದ್ದದ್ದು ಬೆರಳಿನ ಲೆಕ್ಕ.

ಹಾಳೆಯ ಮೇಲ್ಮೈಯಲ್ಲಿ ಒಂದು ಗೆರೆ, ಅಡಿಮೈಯಲ್ಲಿ ಒಂದು ಗೆರೆ ಎಂಬ ಉಪಾಯವನ್ನೂ ಮಾಡಿ ನೋಡಿದೆವು. ಬಗ್ಗಿದಾಗ ಮೇಲಿನದು ಹಿಗ್ಗುತ್ತದೆ, ಅಡಿಯದು ಕುಗ್ಗುತ್ತದೆ, ಸಂಕೇತ ಇಮ್ಮಡಿಯಾಗುತ್ತದೆ. ಕಾಗದದ ಮೇಲೆ ಬಹಳ ಚೆಂದ. ಕೈಗೆ ಹಾಕಿದಾಗ ಅಡಿಯ ಗೆರೆಗೆ ಬೆವರು ತಾಗಿತು, ಮೇಲಿನದಕ್ಕೆ ತಾಗಲಿಲ್ಲ. ಒಂದೇ ದಿನದಲ್ಲಿ ಕೈಬಿಟ್ಟೆವು.

ಫಲಿತಾಂಶ

ಜಾಡಿಯಲ್ಲಿ ಒಣ ಗಾಳಿಯಿಂದ 75ಕ್ಕೆ ಹೋದಾಗ ಒಂಟಿ ಗೆರೆ ಶೇ. 15ರಷ್ಟು ಏರುತ್ತಿತ್ತು. ಜೋಡಿ ಗೆರೆಗಳ ಅನುಪಾತ ಶೇ. 0.4ರೊಳಗೆ ನಿಂತಿತು. ಇಲ್ಲಿ ಆ 1.6ಕ್ಕೆ ಮರಳಬೇಕು. ಮಾರ್ಚ್‌ನಲ್ಲೇ ಯಾರಾದರೂ 15ನ್ನು 1.6ರ ಪಕ್ಕದಲ್ಲಿ ಬರೆದಿದ್ದರೆ, ಒಂಟಿ ಗೆರೆಯಿಂದ ನಿನ್ನೆ-ಇವತ್ತಿನ ಹೋಲಿಕೆ ಸಾಧ್ಯವೇ ಇಲ್ಲವೆಂದು ಆಗಲೇ ತಿಳಿಯುತ್ತಿತ್ತು. ಮಾರ್ಚ್‌ನಲ್ಲಿ ನಾವು ಬಗ್ಗಿಸುವ ಮೊದಲು, ಬಗ್ಗಿಸಿದ ನಂತರ, ಒಂದು ನಿಮಿಷದೊಳಗೆ ಅಳೆದು ಸಂತೋಷಪಟ್ಟಿದ್ದೆವು. ಆಸ್ಪತ್ರೆಯ ಪ್ರಶ್ನೆ ಇಪ್ಪತ್ನಾಲ್ಕು ಗಂಟೆಯದು. ಈಗ ನಮ್ಮ ವಿದ್ಯಾರ್ಥಿಗಳು ಮೊದಲ ವಾರವೇ ಒಂದು ಪಟ್ಟಿಯನ್ನು ಬಗ್ಗಿಸದೆ, ಮುಟ್ಟದೆ, ಏಳು ದಿನ ಬರಿದೇ ಅಳೆಯುತ್ತಾರೆ. ಸಂಕೇತ ಎಷ್ಟು ದೊಡ್ಡದು ಎಂಬುದನ್ನು ಆ ಮೇಲೆ ನೋಡುತ್ತಾರೆ.

0.4 ಕೂಡ ಸಣ್ಣದಲ್ಲ, ಪೂರ್ತಿ ಸಂಕೇತದ ಕಾಲು ಭಾಗ. ಆಗಸ್ಟ್ ಕೊನೆಗೆ ಕೈಗವಸು ಒಯ್ದಾಗ ಮೇಡಂಗೆ ಇದನ್ನು ಮುಚ್ಚಿಡಲಿಲ್ಲ: ಬೆರಳು ನೇರ, ಅರೆ ಬಾಗು, ಪೂರ್ತಿ ಬಾಗು ಎಂಬ ಮೂರು ಹಂತ ನಂಬಬಹುದು, ಡಿಗ್ರಿ ಲೆಕ್ಕ ನಂಬಬೇಡಿ. ಪ್ರತಿ ಸಲ ಶುರುವಿನಲ್ಲಿ ಅಂಗೈ ಚಾಚಿಸಿ ಸೊನ್ನೆ ಹೊಂದಿಸಿದರೆ ಉಳಿದ ದೋಷವೂ ಹೋಗುತ್ತದೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಸರ್, ಅಂಗೈ ಪೂರ್ತಿ ಚಾಚೋಕೆ ಆಗದವರೇ ನನ್ನ ಹತ್ತಿರ ಬರೋದು."

ಪಾರ್ಶ್ವವಾಯುವಿನ ನಂತರ ಬೆರಳು ಮುಷ್ಟಿಗಟ್ಟಿಕೊಂಡಿರುವುದು ಸಾಮಾನ್ಯ. ನಮ್ಮ ಸೊನ್ನೆ ನಮ್ಮ ಕೈಗಳಿಗೆ ಮಾಡಿದ್ದು. ಹೀಗಾಗಿ ಸೊನ್ನೆ ಹೊಂದಿಸುವ ಉಪಾಯ ಬಿಟ್ಟು ಮತ್ತೆ ಗವಸಿಗೇ ಮರಳಿದೆವು. ನೋಡಿದರೆ ಬಗ್ಗುವ ಗೆರೆ ಬಟ್ಟೆಯೊಳಗಿತ್ತು, ಬಗ್ಗದ ಗೆರೆಯ ಅರ್ಧ ಭಾಗ ಗವಸಿನ ತೆರಪಿನಿಂದ ಹೊರಗೆ ಗಾಳಿಗೆ ತೆರೆದುಕೊಂಡಿತ್ತು. ಹಾಕಿಕೊಂಡ ಮೊದಲ ಅರ್ಧ ತಾಸು ಅನುಪಾತ ಅಲೆಯುತ್ತಿದ್ದದ್ದು ಅದಕ್ಕೇ. ಎರಡೂ ಗೆರೆಗಳನ್ನು ಒಂದೇ ಬಟ್ಟೆಯಡಿ ತರುವಂತೆ ಹೊಲಿಗೆ ಬದಲಿಸಿದ ಮೇಲೆ ಅಲೆದಾಟ ಅರ್ಧಕ್ಕಿಂತ ಕಡಿಮೆಯಾಯಿತು.

ಗವಸು ಈಗ ಮೇಡಂ ಮತ್ತು ಅವರ ಸಹಾಯಕರ ಕೈಮೇಲಿದೆ, ಅವರು ದಿನಕ್ಕೆರಡು ಸಲ ಹಾಕಿ ಅಳೆದು ಬರೆದಿಡುತ್ತಿದ್ದಾರೆ. ಒಂದು ಪೂರ್ತಿ ಮಳೆಗಾಲದ ಅಳತೆ ಕೈಗೆ ಬರುವವರೆಗೆ ರೋಗಿಗಳಿಗೆ ಕೊಡುವುದಿಲ್ಲ ಎಂದು ಅವರೂ ನಾವೂ ಕೂಡಿ ನಿರ್ಧರಿಸಿದ್ದೇವೆ. ಮುದ್ರಣದ ಹುಡುಗ ಪದವಿ ಮುಗಿಸಿ ಹೋದ. ವಿದ್ಯಾರ್ಥಿನಿ ಪಿಎಚ್.ಡಿ.ಗೆ ಇಲ್ಲೇ ಉಳಿದಿದ್ದಾಳೆ, ಕಿಟಕಿಯ ಬಳಿಯ ಮೇಜಿನ ಮೇಲೆ ಅವಳ ನಾಲ್ಕು ಜಾಡಿಗಳಿವೆ. ಭಾನುವಾರದ ಅಳತೆಯನ್ನು ಈಗ ಯಂತ್ರವೇ ಬರೆದಿಡುತ್ತದೆ.